ಮೈಕಿನ ದುರುಗೇಶನ ಚೆಕ್ಕು ಪಾಸಾದದ್ದು

ಬ್ಯಾಂಕಿನ ವಿಷಯ ತಿಳಿದವರು ಹೇಳಬೇಕು, ಸತ್ತವರ ವಿಷಯ ಹಿರಿಯರು ಹೇಳಬೇಕು. ಎರಡನ್ನೂ ಒಂದೇ ಕತೆಯಲ್ಲಿ ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಳ್ಳಿ. ಮಸ್ಕಿಯಲ್ಲಿ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿ ನಗುತ್ತಾರೆ. ದುರುಗೇಶ ಮಾತ್ರ ನಗುವುದಿಲ್ಲ.

ದುರುಗೇಶನದು ಮೈಕಿನ ಆಟೊ. ನೀರು ಬಿಡುವುದಿರಲಿ, ಯಾರಾದರೂ ತೀರಿಕೊಂಡಿರಲಿ, ಊರಿಗೆ ಗೊತ್ತಾಗುವುದು ಅದರ ನೆತ್ತಿಯ ಮೇಲಿನ ತುತ್ತೂರಿಯಂಥ ಭೋಂಗಾದಿಂದ. ಕುರಿ ವ್ಯಾಪಾರದ ಮೈಲಾರಲಿಂಗಪ್ಪ ಸೊಸೈಟಿ ಚುನಾವಣೆಗೆ ನಿಂತಾಗ ಕೂಗಿದ್ದೂ ಅದೇ ಭೋಂಗಾ. ಮೈಲಾರಲಿಂಗಪ್ಪ ಸೋತ. ಸೋತವರ ಕೈಯಿಂದ ಬಾಡಿಗೆ ಪಡೆಯುವುದೆಂದರೆ ಟಗರಿನ ಬಾಯಿಂದ ಸೊಪ್ಪು ಎಳೆದಂತೆ. ತಿರುಗಿ ತಿರುಗಿ ಚಪ್ಪಲಿ ಸವೆದ ಮೇಲೆ, ಒಂದು ಶುಕ್ರವಾರ ಮುದುಕ ಕೆಮ್ಮುತ್ತ ಕೆಮ್ಮುತ್ತ ಚೆಕ್ಕಿಗೆ ಸಹಿ ಹಾಕಿಕೊಟ್ಟ. ಅವನ ಖಾತೆ ಇದ್ದದ್ದು ಲಿಂಗಸುಗೂರಿನ ಬ್ಯಾಂಕಿನಲ್ಲಿ, ದುರುಗೇಶನದು ಮಸ್ಕಿಯ ಬೇರೆ ಬ್ಯಾಂಕಿನಲ್ಲಿ.

ಆ ಹಣ ದುರುಗೇಶನಿಗೆ ಬೇಕೇ ಬೇಕಿತ್ತು. ಸಿಂಧನೂರಿನಲ್ಲಿ ಮೈಕ್ ರಿಪೇರಿ ಅಂಗಡಿ ಇಡಲು ಒಂದು ಕೋಣೆ ನೋಡಿ ಬಂದಿದ್ದ. ಮಂಗಳವಾರದೊಳಗೆ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

ಮಸ್ಕಿ ಬ್ಯಾಂಕಿನ ಗುಮಾಸ್ತ ಮಕ್ತುಮ್‌ಸಾಬ್ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದ.

"ಸೋಮವಾರ ಬರ್ತದಲ್ರಿ ಭಾಯ್?"

"ಚೆಕ್ಕು ಅಂದ್ರ ದುಡ್ಡಲ್ಲಪಾ, ಅರ್ಜಿ ಇದ್ದಂಗ. ಇದರ ಫೋಟೊ ಲಿಂಗಸುಗೂರಿಗೆ ಹೋಗ್ತದ. ಅಲ್ಲಿ ಸಹಿ ನೋಡ್ತಾರ, ಖಾತೇದಾಗ ಅದನೋ ಇಲ್ಲೋ ನೋಡ್ತಾರ, ಹೂಂ ಅಂತಾರ. ಆಮ್ಯಾಲ ಎರಡೂ ಬ್ಯಾಂಕು ಲೆಕ್ಕ ಮಾಡ್ಕಂತಾವ. ಕಡೀಕ ನೀನು. ಇವತ್ತಿಂದು ಹೊತ್ತು ಮೀರಿತು. ನಾಳೆ ನಾಕನೇ ಶನಿವಾರ, ನಾಡಿದ್ದು ಐತವಾರ."

"ಅಲ್ಲೀಮಟ ದುಡ್ಡು ಎಲ್ಲಿರ್ತದ್ರಿ?"

ಮಕ್ತುಮ್‌ಸಾಬ್ ಕನ್ನಡಕ ಒರೆಸಿಕೊಂಡ. "ಹೂಂ ಅನ್ನೋತನಕ ಅವರದು. ಅಂದಮ್ಯಾಲ ಸೊಲ್ಪ ಹೊತ್ತು ಯಾರದೂ ಅಲ್ಲ. ನಡುವ ತಿರುಗ್ಯಾಡ್ತಿರ್ತದ."

ದುರುಗೇಶ ಚೆಕ್ಕಿನ ರಸೀದಿ ಮಡಚಿ ಜೇಬಿಗಿಟ್ಟು ಮನೆಗೆ ಹೋದ.

ಶನಿವಾರ ಬೆಳಿಗ್ಗೆ ಮುದುಕನ ಮಗ ಬೀರಲಿಂಗನ ಫೋನು ಬಂತು. "ಅಪ್ಪ ಹೋದ್ನೋ ದುರುಗೇಶ. ಸಂಜೀಕ ಮಣ್ಣು. ಎಲ್ಲಾ ಓಣ್ಯಾಗೂ ಮೈಕ್ ಹಚ್ಚು."

ದುರುಗೇಶ ಗಳಗಳ ಅತ್ತ. ಇಷ್ಟು ಪ್ರೀತಿ ಇತ್ತೇ ಎಂದು ಬೀರಲಿಂಗನೇ ಅವನನ್ನು ಸಮಾಧಾನ ಮಾಡಬೇಕಾಯಿತು.

ಚಹದಂಗಡಿಯಲ್ಲಿ ಮಕ್ತುಮ್‌ಸಾಬ್ ಸಿಕ್ಕ. ದುರುಗೇಶ ಪಕ್ಕಕ್ಕೆ ಕರೆದು ಪಿಸುಗುಟ್ಟಿದ, "ಭಾಯ್, ಚೆಕ್ಕು ಬರದವ್ರು ನಡುವ ಸತ್ತರ?"

"ಅವರ ಬ್ಯಾಂಕಿಗೆ ಸುದ್ದಿ ಮುಟ್ಟಿದ್ರ ಚೆಕ್ಕು ಅಲ್ಲೇ ನಿಂತ್ಕಂತದ. ಮುಟ್ಟದಿದ್ರ ಪಾಸು. ಬ್ಯಾಂಕಿಗೆ ಗೊತ್ತಾಗೋತನಕ ಮನಷ್ಯಾ ಸತ್ತಂಗಲ್ಲ." ಚಹ ಹೀರಿ ಮುಂದುವರಿಸಿದ, "ಅಲ್ಲಿ ಚೆಕ್ಕು ಪಾಸ್ ಮಾಡೋರು ಮಮತಾ ಮೇಡಂ. ದಿನಾ ಇಲ್ಲಿಂದನ ಬಸ್ಸಿಗೆ ಹೋಗ್ತಾರ. ಹುಣಸೇಮರದ ಓಣ್ಯಾಗ ರಹೀಮಾಬೀ ಮನ್ಯಾಗ ಬಾಡಿಗಿ ಅದಾರ. ಬ್ಯಾಂಕಿಗೆ ಸೂಟಿ, ಇವತ್ತು ಮನ್ಯಾಗ ಇರ್ತಾರ. ನಂಗೂ ಸೂಟಿನ ಬಿಡು. ನಾ ಏನೂ ಕೇಳಿಲ್ಲ."

ಸಾವಿನ ಸುದ್ದಿಯನ್ನು ಊರಿಗೆಲ್ಲ ಸಾರಬೇಕು, ಒಬ್ಬ ಹೆಂಗಸಿಗೆ ಮಾತ್ರ ಮುಟ್ಟಬಾರದು. ಕೂಲಿ ತೆಗೆದುಕೊಂಡು ಸುದ್ದಿ ಮುಚ್ಚಿಡುವುದು ಪಾಪವೇನೋ ಎಂದು ದುರುಗೇಶನಿಗೆ ಅಳುಕು. ಆದರೂ ಬೇರೆ ಓಣಿಗಳಲ್ಲೆಲ್ಲ ಗಂಟಲು ಬಿರಿಯುವಂತೆ ಕೂಗಿ, ಹುಣಸೇಮರದ ಓಣಿಯ ತಿರುವಿನಲ್ಲಿ ಮೈಕಿನ ಸೆಟ್ಟು ಬಂದ್ ಮಾಡಿದ.

ನಡು ಮಧ್ಯಾಹ್ನ. ಬಿಸಿಲಿಗೆ ಓಣಿ ಬೆಳ್ಳಗೆ ಕಾಣುತ್ತಿತ್ತು. ಆಟೊದ ಗುರುಗುರು ಬಿಟ್ಟರೆ ಸದ್ದಿಲ್ಲ. ಆದರೂ ಒಂದೊಂದೇ ಬಾಗಿಲು ತೆರೆಯಿತು. ಹೆಂಗಸರು ಸೆರಗು ಹೊದ್ದು ಹೊಸ್ತಿಲಿಗೆ ಬಂದರು. ಮಂಚದ ಮೇಲಿದ್ದವನೊಬ್ಬ ಎದ್ದು ರುಮಾಲು ತೆಗೆದ. ಕಟ್ಟೆಯ ಕೆಳಗಿನ ನಾಯಿ ಆಟೊದ ಮೇಲಿನ ಭೋಂಗಾವನ್ನೇ ದಿಟ್ಟಿಸುತ್ತ ಹಿಂದಕ್ಕೆ ಹಿಂದಕ್ಕೆ ಸರಿಯಿತು. ರಹೀಮಾಬೀ ಬಾಗಿಲಲ್ಲಿ ಎರಡೂ ಅಂಗೈ ಎತ್ತಿ ತುಟಿ ಅಲ್ಲಾಡಿಸುತ್ತಿದ್ದಳು. ದುರುಗೇಶ ನಮಸ್ಕಾರ ಮಾಡಿದ. ಆಕೆ ಅವನನ್ನು ನೋಡಿದಳು, ಅವನ ಹಿಂದಿನ ಖಾಲಿ ಸೀಟು ನೋಡಿದಳು, ಸರಕ್ಕನೆ ಒಳಗೆ ಹೋದಳು.

ಸದ್ದಿಲ್ಲದ ಆಟೊಗೆ ಜನ ಯಾಕೆ ಹೊರಗೆ ಬಂದರು? ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಯಿತು. ಅವನು ತಿರುಗಿ ನೋಡಲಿಲ್ಲ.

ಸಾವಿನ ಮನೆಯಲ್ಲಿ ಬೀರಲಿಂಗ ಕಾಯುತ್ತಿದ್ದ. "ಹುಣಸೇಮರದ ಓಣ್ಯಾಗ ನಮ್ಮ ಬೀಗರು ಅದಾರ. ಅವರಿಗಿನ್ನ ಸುದ್ದಿನ ಗೊತ್ತಿಲ್ಲಂತಲೇ. ಬ್ಯಾರೆ ಯಾರದೋ ಹೆಸರು ಹೇಳಾಕತ್ತಾರ. ಅಲ್ಲಿ ಏನು ಕೂಗಿದ್ಯೋ? ಇನ್ನೊಂದ್ಸಲ ಹೋಗು."

ದುರುಗೇಶ ಈ ಸಲ ಸೆಟ್ಟಿನ ಸ್ವಿಚ್ಚನ್ನು ನಂಬಲಿಲ್ಲ. ಬ್ಯಾಟರಿಯ ವೈರನ್ನೇ ಕಿತ್ತು ಜೇಬಿಗಿಟ್ಟುಕೊಂಡ. ಓಣಿಯ ನಡುವೆ ಬಂದಾಗ ಮಮತಾ ಮೇಡಂ ಗೇಟಿನ ಬಳಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವನನ್ನು ಕಂಡು ಬಟ್ಟೆ ಕೈಯಿಂದ ಜಾರಿತು.

"ನೀವು... ಮೈಕಿನ ದುರುಗೇಶ ಅಲ್ಲೇನ್ರಿ?"

"ಹೌದ್ರಿ ಮೇಡಂ."

"ಇನ್ನ ತಿರುಗಾಕತ್ತೀರಲ್ರಿ?"

"ಏನ್ ಮಾಡಮ್ರಿ ಮೇಡಂ. ಬರೋ ದುಡ್ಡು ಬರೋತನಕ ತಿರುಗಬೇಕಲ್ಲ."

ಮೇಡಂ ಒಳಗೆ ಓಡಿ ಅಗಳಿ ಹಾಕಿಕೊಂಡರು. ದುರುಗೇಶನಿಗೆ ಖುಷಿಯಾಯಿತು. ಮೈಲಾರಲಿಂಗಪ್ಪನ ಹೆಸರೇ ಬರಲಿಲ್ಲ, ಅಂದರೆ ಸುದ್ದಿ ಮುಟ್ಟಿಲ್ಲ.

ಸಂಜೆ ಮನೆಗೆ ಬಂದರೆ ಅಂಗಳ ತುಂಬ ಜನ. ಅವನ ತಾಯಿ ಗ್ಯಾನಮ್ಮ ನಡುವೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸಂತೆಕಲ್ಲೂರಿನ ಅತ್ತೆ ಆಗಲೇ ಆಟೊ ಹಿಡಿದು ಬಂದು ರಾಗ ತೆಗೆದಿದ್ದಳು.

"ಯವ್ವಾ, ಯಾರು ಹೋದ್ರು?" ಎಂದು ದುರುಗೇಶ ಕೇಳಿದ.

ಅತ್ತೆ ರಾಗ ನಿಲ್ಲಿಸಿ ಅವನ ಪಾದಗಳು ಯಾವ ಕಡೆಗೆ ತಿರುಗಿವೆ ಎಂದು ಬಗ್ಗಿ ನೋಡಿದಳು.

"ನೀನಲ್ಲೇನೋ ನನ ಮಗನ," ಎಂದಳು ಗ್ಯಾನಮ್ಮ. "ನಿನ್ನ ಮೈಕಿನ್ಯಾಗ ಬಂತಂತಲ್ಲೋ."

ಮೂಲೆಯಲ್ಲಿದ್ದ ರಹೀಮಾಬೀ ಮುಂದೆ ಬಂದಳು. "ನಾ ಕಿವಿಯಾರೆ ಕೇಳೀನಿ ಬೇಟಾ. ನಮ್ಮ ಓಣ್ಯಾಗೆಲ್ಲ ಕೇಳ್ಯಾರ. 'ಮೈಕಿನ ದುರುಗೇಶ ತೀರಿಕೊಂಡಾನ, ಎಲ್ಲಾರೂ ಮಣ್ಣಿಗೆ ಬರ್ರಿ' ಅಂತ. ಎರಡ್ ಸಲ. ನಡುನಡುವ ಕೆಮ್ಮು ಬ್ಯಾರೆ. ದನಿ ನಿಂದಲ್ಲ. ಓಟು ಕೇಳಾಕ ಬಂದಿದ್ನಲ್ಲ, ಆ ಮುದುಕಂದು."

"ಸೆಟ್ಟು ಬಂದ್ ಇತ್ತು ಅಮ್ಮಾ. ವೈರು ಇಲ್ಲೈತಿ ನೋಡು." ಅವನು ಜೇಬಿನಿಂದ ವೈರು ತೆಗೆದು ಎಲ್ಲರಿಗೂ ತೋರಿಸಿದ. ಅದನ್ನು ಕಂಡ ಮೇಲೆ ಕೂತಿದ್ದವರಲ್ಲಿ ಅರ್ಧ ಜನ ಚಪ್ಪಲಿ ಮರೆತು ಮನೆಗೆ ಹೋದರು.

ಸೋಮವಾರ ಮಧ್ಯಾಹ್ನ ದುರುಗೇಶ ಬ್ಯಾಂಕಿನ ಕಿಟಕಿಯ ಮುಂದೆ ನಿಂತ. ಮಕ್ತುಮ್‌ಸಾಬ್ ಅವನ ಮುಖ ನೋಡಲಿಲ್ಲ.

"ಚೆಕ್ಕು ಪಾಸಾಗ್ಯಾದ."

"ಆತಲ್ರಿ ಭಾಯ್. ಕೊಟ್ಟುಬಿಡ್ರಿ, ಸಿಂಧನೂರು ಬಸ್ಸು ಹಿಡಿತೀನಿ."

"ಮಮತಾ ಮೇಡಂ ಭಾಳ ನಿಯತ್ತಿನ ಮನಷ್ಯಾರು. ಪಾಸು ಮಾಡುವಾಗ ಚೆಕ್ಕಿನ ಮ್ಯಾಲ ನಿನ್ನ ಹೆಸರು ನೋಡ್ಯಾರ. ಪಾಪ, ಈ ಹುಡುಗ ಶನಿವಾರ ತೀರಿಕೊಂಡಾನ ಅಂತ ನಮ್ಮ ಮ್ಯಾನೇಜರ್ ಸಾಹೇಬರಿಗೆ ಫೋನ್ ಮಾಡ್ಯಾರ. ಸಾಹೇಬರು ನಿನ್ನ ಖಾತೆ ಬಂದ್ ಮಾಡ್ಯಾರ."

"ನಾ ನಿಂತೀನಲ್ರಿ ಇಲ್ಲಿ, ನಿಮ್ಮೆದುರಿಗೆ."

"ನನಗ ಕಾಣ್ತದಪಾ. ಕಂಪ್ಯೂಟರಿಗೆ ಕಾಣಬೇಕಲ್ಲ. ಜೀವಂತ ಅದಿ ಅಂತ ಕಾಗದ ತಾ. ಅದು ಮ್ಯಾಲಿನ ಆಫೀಸಿಗೆ ಹೋಗ್ತದ, ಅವರು ನೋಡ್ತಾರ, ಹೂಂ ಅಂತಾರ..."

"ಎಷ್ಟು ದಿನ ಹಿಡಿತದ್ರಿ?"

ಮಕ್ತುಮ್‌ಸಾಬ್ ಬೇರೆ ಗಿರಾಕಿಯನ್ನು ಕರೆದ.

ಮಂಗಳವಾರ ಕಳೆದ ಮೇಲೆ ಸಿಂಧನೂರಿನ ಕೋಣೆಯಲ್ಲಿ ಯಾರೋ ಬಳೆ ಅಂಗಡಿ ಇಟ್ಟರು. ದುರುಗೇಶನ ಕಾಗದ ಮೇಲಿನ ಆಫೀಸಿಗೆ ಹೋಗಿದೆ, ಇನ್ನೂ ಬಂದಿಲ್ಲ. ಕಿತ್ತ ವೈರಿನ ಭೋಂಗಾದಲ್ಲಿ ದನಿ ಹೇಗೆ ಬಂತು, ಮುದುಕ ತನ್ನ ಹೆಸರು ಬಿಟ್ಟು ಇವನ ಹೆಸರನ್ನೇ ಯಾಕೆ ಹೇಳಿದ ಎಂಬುದು ಗೊತ್ತಿಲ್ಲ. ಆ ದನಿ ಕೇಳಿದವರನ್ನೆಲ್ಲ ವಿಚಾರಿಸಿದ್ದಾಯಿತು. ಆ ಹಣ ಈಗ ಎಲ್ಲಿದೆ ಎಂಬುದೂ ಗೊತ್ತಿಲ್ಲ.