ಪರಿಗಿಯ ಅಂಗಳದಲ್ಲಿ ಬೀಡುಬಿಟ್ಟಿರುವ ಎಂಜಿನ್ ಮಹಾಶಯರಿಗೆ

ಪರಿಗಿ, ಹಿಂದೂಪುರ ತಾಲ್ಲೂಕು
೧೯೫೮, ಯುಗಾದಿ ಕಳೆದ ವಾರ

ಮಾನ್ಯರೇ,

ನನ್ನ ಹಳೆಯ ಪಿಕಪ್ಪು ಮೋಟಾರಿನ ಮುಚ್ಚಳದಡಿ, ಮಸಿ ಮತ್ತು ಗ್ರೀಸಿನ ನಡುವೆ ಸುಖವಾಗಿ ಬಿಜಯಂಗೈದಿರುವ ತಮಗೆ ಪರಿಗಿಯ ಚೆನ್ನಕೇಶವನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಇಲ್ಲಿ ಬರಿಯ ಉಪಚಾರದ ಮಾತಲ್ಲ. ತಮ್ಮ ಅಡಿಯಲ್ಲಿ ಮಲಗಿ ಎಣ್ಣೆ ಎಲ್ಲಿಂದ ಸೋರುತ್ತಿದೆಯೆಂದು ಹುಡುಕುವವನಿಗೆ ಬೇರೆ ಭಂಗಿಯೇ ಇಲ್ಲ. ಆ ಎಣ್ಣೆ ನನ್ನ ಹಣೆಯ ಮೇಲೆ ಬಿದ್ದದ್ದನ್ನು ತಮ್ಮ ಆಶೀರ್ವಾದವೆಂದೇ ಭಾವಿಸಿ, ಒರೆಸಿಕೊಂಡು, ಈ ಪತ್ರ ಬರೆಯಲು ಕುಳಿತಿದ್ದೇನೆ.

ಮೊದಲು ತಮ್ಮ ಹಿರಿತನವನ್ನು ಹೊಗಳಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮ್ಮನ್ನು ಬೇಡವೆಂದು ಹರಾಜು ಹಾಕಿದಾಗ, ಅವರು ಯಾಕೆ ಬೇಡವೆಂದರು ಎಂದು ಕೇಳದೆ ನಮ್ಮ ತಂದೆಯವರು ಮನೆಗೆ ಕರೆತಂದರು. ಅಂದಿನಿಂದ ತಾವು ಮದರಾಸು ರಾಜ್ಯದಲ್ಲಿ ಕೆಟ್ಟು ನಿಂತಿರಿ, ಆಂಧ್ರ ರಾಜ್ಯದಲ್ಲಿ ಕೆಟ್ಟು ನಿಂತಿರಿ, ಈಗ ಆಂಧ್ರ ಪ್ರದೇಶದಲ್ಲಿಯೂ ಕೆಟ್ಟು ನಿಂತಿದ್ದೀರಿ. ನಮ್ಮ ಅಂಗಳದ ಬಿಡಾರ ಬದಲಿಸದೆ ಇಷ್ಟೆಲ್ಲ ಸರ್ಕಾರಗಳನ್ನು ಕಂಡವರು, ಕಚೇರಿಗಳ ಕೆಲವು ಕಡತಗಳನ್ನು ಬಿಟ್ಟರೆ, ತಾವೊಬ್ಬರೇ ಇರಬೇಕು.

ಇನ್ನು ನನ್ನ ದೂರು. ಕಲ್ಯಾಣದುರ್ಗದ ಪೆದ್ದಪ್ಪನವರ ಮಗಳು ರಾಮಾಂಜಿನಮ್ಮನನ್ನು ನನಗೆ ತರಬೇಕೆಂದು ಮಾತು ನಡೆದದ್ದು ತಮಗೆ ತಿಳಿದಿದೆ, ಏಕೆಂದರೆ ಆ ಮಾತು ನಡೆದದ್ದೇ ತಮ್ಮ ಹೆಸರಿನಲ್ಲಿ. ನನ್ನ ಸೋದರಮಾವ ಅಶ್ವತ್ಥಪ್ಪನವರು ಅಲ್ಲಿಗೆ ಹೋಗಿ, ಹುಡುಗನ ಗುಣ ನಡತೆ ಒಂದನ್ನೂ ಎತ್ತದೆ, "ಹುಡುಗಂಗೆ ಸೊಂತ ಮೋಟಾರ್ ಐತೆ ಕಣಪ್ಪ" ಎಂದು ಹೇಳಿ ಬಂದರು. ಪೆದ್ದಪ್ಪನವರು ಹಿಗ್ಗಿ, ಹಾಗಾದರೆ ಆ ಮೋಟಾರಿನಲ್ಲಿಯೇ ಬಂದು ತಾಂಬೂಲ ಬದಲಾಯಿಸಿಕೊಳ್ಳಿ ಎಂದರು. ಆದ್ದರಿಂದ ನನ್ನ ಮದುವೆಯು ಜಾತಕದ ಮೇಲೆ ನಿಲ್ಲದೆ ತಮ್ಮ ಮೇಲೆ ನಿಂತಿತು, ಮತ್ತು ತಾವು ಅದಕ್ಕೆ ತಕ್ಕಂತೆ ನಿಂತಿರಿ.

ಹುಣಸೆಹಣ್ಣು ಹೇರಿಕೊಂಡು ಹಿಂದೂಪುರದ ಮಾರುಕಟ್ಟೆಗೆ ಹೊರಟ ದಿನ ತಾವು ಕೀಲಿಯ ಒಂದೇ ತಿರುವಿಗೆ ಎದ್ದು ಕೂಗುತ್ತೀರಿ, ಗೊಬ್ಬರ ಹೇರಿದ ದಿನವಂತೂ ತಮ್ಮ ಉತ್ಸಾಹಕ್ಕೆ ಎಣೆಯಿಲ್ಲ. ಆದರೆ ಹೆಣ್ಣಿನ ಮನೆಗೆ ಹೊರಟ ಶುಭದಿನದಂದು, ರೇಷ್ಮೆ ಸೀರೆಯುಟ್ಟ ನಮ್ಮ ತಾಯಿ ಶಿವಲಕ್ಷ್ಮಮ್ಮನವರು ತಮ್ಮ ಮುಚ್ಚಳ ತೆಗೆಸಿ, ಅರಿಶಿನ ಕುಂಕುಮವಿಟ್ಟು, ತಮ್ಮ ಮೈಮೇಲೆಯೇ ತೆಂಗಿನಕಾಯಿ ಒಡೆದು, ಆ ನೀರನ್ನು ಭಕ್ತಿಯಿಂದ ತಮಗೆ ಅಭಿಷೇಕ ಮಾಡಿದ ಮೇಲೂ, ತಾವು ಕೆಮ್ಮಲಿಲ್ಲ. ಊರಿನವರೆಲ್ಲ ಮುಂಭಾಗದ ತಗಡಿಗೆ ಕಾಯಿ ಒಡೆದರೆ ನಮ್ಮ ತಾಯಿ ಒಪ್ಪುವವರಲ್ಲ. "ದುಡಿಯೋನು ಒಳಗವ್ನೆ, ತಗಡಿಗೆ ಯಾಕ್ಲಾ ಕಾಯಿ?" ಎನ್ನುತ್ತಾರೆ. ಇಂಥ ಭಕ್ತರನ್ನು ಪಡೆದ ಎಂಜಿನ್ನು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಅಂದು ನೆಂಟರಿಷ್ಟರೆಲ್ಲ ಪಂಚೆ ಎತ್ತಿಕಟ್ಟಿ ತಮ್ಮನ್ನು ಊರ ಬಾಗಿಲವರೆಗೆ ತಳ್ಳಿ, ಮತ್ತೆ ಮನೆಗೆ ತಳ್ಳಿಕೊಂಡು ಬಂದರು.

ಮರುದಿನ ಹಿಂದೂಪುರದಿಂದ ರಿಪೇರಿಯ ಆಂಜಿನಪ್ಪ ಬಂದ. ಅವನು ಚೀಲ ಕೆಳಗಿಡುವ ಮೊದಲೇ ತಾವು ಸ್ಟಾರ್ಟ್ ಆದಿರಿ. "ಏಮಪ್ಪಾ, ಕೋಳಿ ಕೂಗ್ದಂಗೆ ಕೂಗ್ತೈತೆ, ನನ್ನ ಯಾಕೆ ಕರೆಸ್ದೆ?" ಎಂದು ಅವನು ನನ್ನನ್ನು ಗದರಿದ. ಆದರೂ ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಪ್ಲಗ್ಗು ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ಊದಿದ, ಬ್ಯಾಟರಿಯ ಕಿಲುಬು ಕೆರೆದ, ಫ್ಯಾನಿನ ಬೆಲ್ಟನ್ನು ವೀಣೆಯ ತಂತಿಯಂತೆ ಮೀಟಿ ನೋಡಿದ. ಏನೂ ಸಿಗದೆ ಹೋದಾಗ ಪೆಟ್ರೋಲನ್ನು ಬೈದು ಬಸ್ಸು ಹತ್ತಿದ. ಅಶ್ವತ್ಥಪ್ಪನವರು ಮಾತ್ರ, ಇದು ಯಂತ್ರದ ಕಾಯಿಲೆಯಲ್ಲ, ಅದೇ ಹೆಣ್ಣನ್ನು ಕೇಳುತ್ತಿರುವ ಕುಂದುರ್ಪಿಯವರ ದೃಷ್ಟಿ ಎಂದು ತೀರ್ಪು ಕೊಟ್ಟರು. ಎರಡನೆಯ ಸಲ ಹೊರಟಾಗ ದೃಷ್ಟಿ ತೆಗೆಯಲು ಇನ್ನಷ್ಟು ಕಾಯಿ ಒಡೆದೆವು. ತಾವು ಇನ್ನಷ್ಟು ಗಟ್ಟಿಯಾಗಿ ಮೌನ ತಾಳಿದಿರಿ.

ಕಲ್ಯಾಣದುರ್ಗದಿಂದ ಹೇಳಿಕೆ ಬಂತು. ಮೋಟಾರು ಇರುವುದೇ ಸುಳ್ಳೆಂದು ಜನ ಆಡಿಕೊಳ್ಳುತ್ತಿದ್ದಾರೆ, ಬರುವ ಶುಕ್ರವಾರ ಬಾಗಿಲಿಗೆ ಮೋಟಾರು ಬಾರದಿದ್ದರೆ ಹೆಣ್ಣು ಕುಂದುರ್ಪಿಗೆ. ರಾಮಾಂಜಿನಮ್ಮನನ್ನು ನಾನು ಒಂದೇ ಸಲ, ಅವರ ಬಂಧುಗಳ ಮದುವೆಯಲ್ಲಿ, ಬಡಿಸುವವನ ಸಾರಿಗೆ ಉಪ್ಪು ಕಡಿಮೆಯೆಂದು ಎಲ್ಲರೆದುರಿಗೆ ಹೇಳಿ ನಕ್ಕಾಗ ನೋಡಿದ್ದೆ. ಅದೇ ನಗು ನನ್ನ ಮನೆಯಲ್ಲಿ ಕೇಳಬೇಕೆಂದು ಅಂದಿನಿಂದ ಆಸೆಪಟ್ಟಿದ್ದೆ.

ಶುಕ್ರವಾರ ನಮ್ಮ ತಾಯಿ ತಮ್ಮ ಮೇಲೆ ಕೋಪಗೊಂಡು ಕಾಯನ್ನೂ ಕುಂಕುಮವನ್ನೂ ನಿಲ್ಲಿಸಿಬಿಟ್ಟರು. "ಇವನ ಮಕಕ್ಕೆ ಕಾಯಿ ಬೇರೆ ಕೇಡು! ಬಂದ್ರೆ ಬರ್ಲಿ, ಇಲ್ದಿದ್ರೆ ಗುಜರಿಗೆ ಹೋಗ್ಲಿ ಕಣ್ಲಾ" ಎಂದು ಮುಖ ತಿರುಗಿಸಿ ಕುಳಿತರು. ತಾವು ತಕ್ಷಣ ಎದ್ದಿರಿ. ಮಡಕಶಿರಾ ದಾಟಿ, ಮೈಸೂರು ರಾಜ್ಯದ ಪಾವಗಡವನ್ನೂ ದಾಟಿ, ಎಲ್ಲಿಯೂ ಮುನಿಯದೆ ಕಲ್ಯಾಣದುರ್ಗದ ಬಾಗಿಲಿಗೆ ಬಂದು ನಿಂತಿರಿ. ಬೈಗುಳಕ್ಕೆ ಮಾತ್ರ ಬಗ್ಗುವ ಜಾತಿ ತಮ್ಮದೆಂದು ನಾವೆಲ್ಲ ನಂಬಿದೆವು.

ಪೆದ್ದಪ್ಪನವರ ಸಂತೋಷ ಹೇಳತೀರದು. ಕಾಯಿ ತರಿಸಿದರು, ಕರ್ಪೂರ ತರಿಸಿದರು. ನಮ್ಮ ತಾಯಿಯ ಕೋಪವೂ ಕರಗಿ, "ನಡೆದು ಬಂದವ್ನೆ ಕಣಪ್ಪ, ಒಳಕ್ಕೇ ಹುಯ್ಯಿ" ಎಂದು ಅವರೇ ಮುಚ್ಚಳ ಎತ್ತಿಸಿ ಜಾಗ ತೋರಿಸಿದರು. ಅಭಿಷೇಕವಾಯಿತು. ಬಳಿಕ ಪೆದ್ದಪ್ಪನವರು ರುಮಾಲು ಸರಿಪಡಿಸಿಕೊಂಡು, ಬೀದಿಯವರಿಗೆ ಕಾಣುವಂತೆ ಒಂದು ಸುತ್ತು ಹೋಗಿಬರೋಣವೆಂದು ನನ್ನ ಪಕ್ಕದಲ್ಲಿ ಕುಳಿತರು. ನಾನು ಕೀಲಿ ತಿರುಗಿಸಿದೆ, ಬೇಡಿಕೊಂಡೆ, ಮತ್ತೆ ತಿರುಗಿಸಿದೆ. ತಾವು ತಮ್ಮ ಶುಭದಿನದ ಮೌನಕ್ಕೆ ಮರಳಿದ್ದಿರಿ. ಅಶ್ವತ್ಥಪ್ಪನವರು ಆಕಾಶ ನೋಡತೊಡಗಿದರು. ಪೆದ್ದಪ್ಪನವರು ಕೆಳಗಿಳಿದು, ತಮ್ಮನ್ನು ಒಂದು ಸುತ್ತು ಬಂದು, ಕೈಮುಗಿದರು. "ನಮ್ಮ ಬಾಗ್ಲು ಬಿಟ್ಟು ಹೋಗಾಕಿಲ್ಲ ಅಂತೈತೆ ನೋಡ್ರಪ್ಪ! ಋಣ ಅಂದ್ರೆ ಇದು ಕಣಮ್ಮ!" ನಮ್ಮ ಅಂಗಳದಲ್ಲಿ ಅಪಶಕುನವಾಗಿದ್ದ ತಮ್ಮ ರೋಗ ಅವರ ಅಂಗಳದಲ್ಲಿ ಶುಭಶಕುನವಾಗಿ, ಹಿರಿಯರೆಲ್ಲ ತಾಂಬೂಲದ ತಟ್ಟೆ ಜೋಡಿಸಲು ಒಳಗೆ ನಡೆದರು.

ಆಗ ತೆಂಗಿನ ಚೂರು ಆರಿಸಿಕೊಳ್ಳುವ ನೆಪದಲ್ಲಿ ರಾಮಾಂಜಿನಮ್ಮ ಬಂದಳು. ತಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಬರೋವಾಗ ಚೆನ್ನಾಗೇ ಬಂತು. ನೀವೇ ನೀರು ಹುಯ್ದ್ರಿ, ನಿಂತೋಯ್ತು. ಉರಿಯೋ ಒಲೆಗೆ ನೀರು ಹುಯ್ದು, ಅನ್ನ ಬೇಯ್ಲಿಲ್ಲ ಅಂತ ಅಕ್ಕೀನ ಬೈತೀರಾ?" ನಾನು ಬಗ್ಗಿ ನೋಡಿದೆ. ಪ್ಲಗ್ಗುಗಳ ತಂತಿಗಳೆಲ್ಲ ಬಂದು ಸೇರುವ ಕರಿಯ ಮುಚ್ಚಳದ ಸೀಳಿನಲ್ಲಿ ಕಾಯಿನೀರು ನಿಂತು ಮಿನುಗುತ್ತಿತ್ತು. ನಮ್ಮ ಅಂಗಳದಲ್ಲೂ ಹೀಗೇ ನಿಂತ ನೀರು ಮರುದಿನದ ಹೊತ್ತಿಗೆ ಒಣಗಿತ್ತು, ಆಂಜಿನಪ್ಪ ಬಂದು ನನ್ನನ್ನು ಗದರಿದ್ದ. ನಾಚಿಕೆಯಿಂದ ನನ್ನ ಹೊಸ ಪಂಚೆಯ ಸೆರಗಿನಲ್ಲಿ ಒರೆಸಲು ಹೋದರೆ ಅವಳು ತಡೆದಳು. "ಈಗ ಒರೆಸ್ಬ್ಯಾಡಿ. ಒಳಗೆ ಎಲೆ ಅಡಿಕೆ ಜೋಡಿಸ್ತಾವ್ರೆ. ಇದು ಗುರ್ ಅಂದ್ರೆ ಋಣ ತೀರೋಯ್ತು ಅಂತಾರೆ."

ಮಹಾಶಯರೇ, ಔಷಧ ಕೈಯಲ್ಲಿದ್ದೂ ಕೊಡದೆ, ತಾಂಬೂಲ ಬದಲಾಗುವವರೆಗೆ ತಮ್ಮ ಮುಂದೆ ಮುಖ ಗಂಟಿಕ್ಕಿಕೊಂಡು ನಿಲ್ಲುವುದು ಎಷ್ಟು ಕಷ್ಟವೆಂದು ತಮಗೆ ತಿಳಿಯದು. ಅದಕ್ಕಿಂತ ಕಷ್ಟವೆಂದರೆ, ಈ ಸಂಬಂಧ ಕೂಡಿಸಿದ ಕೀರ್ತಿಯೆಲ್ಲ ತಮಗೇ ಹೋಗಿರುವುದು. ಮುಂದಿನ ತಿಂಗಳು ಮದುವೆ. ನಮ್ಮ ತಾಯಿ ತಮಗೆ ನೂರೊಂದು ಕಾಯಿಯ ಹರಕೆ ಹೊತ್ತಿದ್ದಾರೆ, ಪೆದ್ದಪ್ಪನವರು ನಮ್ಮ ಪಾಲಿನ ಕಾಯಿ ಬೇರೆ ಎಂದಿದ್ದಾರೆ. ಆದ್ದರಿಂದ ತಮ್ಮಲ್ಲಿ ವಿನಂತಿ: ಅಷ್ಟರೊಳಗೆ ದಯಮಾಡಿ ಈಜು ಕಲಿಯಿರಿ. ಅದಾಗದಿದ್ದರೆ ಅಭಿಷೇಕ ಮುಗಿಯುವವರೆಗೆ ಉಸಿರು ಬಿಗಿಹಿಡಿದುಕೊಂಡಿದ್ದು, ಮದುಮಗಳು ಹತ್ತಿ ಕುಳಿತೊಡನೆ ಬಿಡಿರಿ. ಅದೂ ಆಗದಿದ್ದರೆ, ದೇವರಾಗುವುದನ್ನು ಬಿಟ್ಟು ಎಂಜಿನ್ನಾಗಿ ಬದುಕಲು ಒಪ್ಪಿಕೊಂಡು ತಾವೇ ನಮ್ಮ ತಾಯಿಗೆ ತಿಳಿಸಿರಿ, ನನಗೆ ಆ ಧೈರ್ಯವಿಲ್ಲ. ಇದನ್ನು ಬಹಿರಂಗ ಪತ್ರವಾಗಿ ಬರೆಯಲು ಮಾತ್ರ ಹೆದರಿಕೆಯಿಲ್ಲ. ನಮ್ಮ ತಾಯಿಗೆ ಓದು ಬಾರದು, ಮಾವನವರಾಗುವ ಪೆದ್ದಪ್ಪನವರಿಗೆ ತೆಲುಗಿನ ಅಕ್ಷರ ಬಿಟ್ಟರೆ ಬೇರೆ ಬಾರದು. ಇಲ್ಲಿ ಗುಟ್ಟು ಮುಚ್ಚಿಡಲು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಸಾಕಾಗಿದೆ.

ತಳ್ಳಿ ತಳ್ಳಿ ಬೆನ್ನು ಬಾಗಿದರೂ ಬಿಟ್ಟುಹೋಗದ
ತಮ್ಮ ವಿಶ್ವಾಸಿ,
ಚೆನ್ನಕೇಶವ

ಮರೆತ ಮಾತು: ರಾಮಾಂಜಿನಮ್ಮ ಹಳೆಯ ಟ್ಯೂಬು ಕತ್ತರಿಸಿ ತಮ್ಮ ಆ ಕರಿಯ ಮುಚ್ಚಳಕ್ಕೆ ಒಂದು ಕುಲಾವಿ ಹೊಲಿದು ಕಳಿಸಿದ್ದಾಳೆ. ಜೊತೆಗೆ ಹೇಳಿಕಳಿಸಿರುವುದೇನೆಂದರೆ, ಕಾಯಿನೀರು ಬಿದ್ದರೆ ನಿಲ್ಲುವ ಎಂಜಿನ್ನೂ, ಅದು ಯಾಕೆ ನಿಲ್ಲುತ್ತದೆಂದು ಇಷ್ಟು ದಿನ ತಿಳಿಯದ ಗಂಡೂ ಒಂದೇ ಮನೆಯಲ್ಲಿ ಸಿಕ್ಕಿರುವುದರಿಂದ, ಮದುವೆಯಾಗಿ ಬಂದ ಮೇಲೆ ಮೊದಲು ಯಾರ ಮುಚ್ಚಳ ತೆಗೆದು ನೋಡಬೇಕೆಂದು ಅವಳಿಗೆ ಇನ್ನೂ ತೀರ್ಮಾನವಾಗಿಲ್ಲವಂತೆ.