ಸೋಸಿದ ನೀರು ಕುಡಿದ ಗಾಡಿ

ಕೈಯಲ್ಲಿ ನಟ್ಟು ತಿರುವುವ ಪಾನಾ ಇದ್ದರೆ ನನ್ನ ಬುದ್ಧಿ ನೆಟ್ಟಗಿರುವುದಿಲ್ಲ. ಸರಿಯಾಗಿ ನಡೆಯುತ್ತಿರುವ ಯಾವ ವಸ್ತುವನ್ನು ಕಂಡರೂ, ಇದು ಇನ್ನೂ ಸ್ವಲ್ಪ ಸರಿಯಾಗಿ ನಡೆಯಬಹುದಲ್ಲ ಎಂದು ಬೆರಳುಗಳು ತುರಿಸತೊಡಗುತ್ತವೆ. ಹೀಗೆ ನಾನು ರಿಪೇರಿ ಮಾಡಿದ ಮೇಲೆ ನಮ್ಮ ಗೋಡೆ ಗಡಿಯಾರ ಗಂಟೆ ಹೊಡೆಯುವುದನ್ನು ಬಿಟ್ಟಿತು. ಹೊಲಿಗೆ ಯಂತ್ರ ಮುಟ್ಟಿದ ಮೇಲೆ ನನ್ನ ಹೆಂಡತಿ ಸುನಂದಾ ಕೆಲವು ದಿನ ನನ್ನೊಡನೆ ಮಾತು ಬಿಟ್ಟಳು. ಕಾಗವಾಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಪಾನಾ ಯಾಕೆ ಬೇಕು ಎಂದು ನೀವು ಕೇಳಬಹುದು. ಅಪ್ಪ ಬಿಟ್ಟುಹೋದ ಹಳೆಯ ಮೋಟರ್ ಸೈಕಲ್ಲಿನ ಸೀಟಿನ ಕೆಳಗೆ ಅದು ಸಿಕ್ಕಿತು. ಸಿಕ್ಕಿದ್ದನ್ನು ಉಪಯೋಗಿಸದಿದ್ದರೆ ಅವರಿಗೆ ಅಗೌರವವಾದೀತು ಎಂದುಕೊಂಡೆ.

ಗಾಡಿ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ಅಪ್ಪನದು ದ್ರಾಕ್ಷಿ ತೋಟದಲ್ಲಿ ಗುದ್ದಲಿ ಹಿಡಿದು ಪಳಗಿದ ಕೈ; ಕ್ಲಚ್ಚಿನ ಹಿಡಿ ಎಷ್ಟು ಗಟ್ಟಿಯಿದೆ ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವೇನೋ. ನನ್ನದು ಕರಿಹಲಗೆಯ ಮುಂದೆ ಖಡು ಹಿಡಿಯುವ ಕೈ. ಸಂತೆಯ ಗದ್ದಲ ದಾಟುವಷ್ಟರಲ್ಲಿ ಎಡಗೈ ಮರಗಟ್ಟುತ್ತಿತ್ತು. ಒಂದು ಚಳಿಗಾಲದ ಮುಂಜಾನೆ ನನಗೆ ಉಪಾಯ ಹೊಳೆಯಿತು. ಕೇಬಲ್ಲಿನಲ್ಲಿರುವ ಸಡಿಲವನ್ನೆಲ್ಲ ತೆಗೆದುಬಿಟ್ಟರೆ ಹಿಡಿಯನ್ನು ಅರ್ಧ ಒತ್ತಿದರೂ ಸಾಕಲ್ಲವೇ? ಅರ್ಧ ಶ್ರಮ, ಪೂರ್ತಿ ಫಲ. ಲೆಕ್ಕದಲ್ಲಿ ಒಂದು ತಪ್ಪೂ ಕಾಣಲಿಲ್ಲ. ಹಿಡಿಯ ಹತ್ತಿರದ ನಟ್ಟನ್ನು ತಿರುವಿ ತಿರುವಿ ಕೇಬಲ್ಲನ್ನು ಬಿಗಿದೆ. ಅವ್ವನನ್ನು ಹಿಂದೆ ಕೂರಿಸಿಕೊಂಡು ಪಾಲಬಾವಿಗೆ ಹೊರಟೆ. ಅಲ್ಲಿ ಅವಳ ತಂಗಿಯ ಮೊಮ್ಮಗಳಿಗೆ ಹೆಸರಿಡುವ ಕಾರ್ಯವಿತ್ತು.

ಇಲ್ಲಿ ಅವ್ವನ ನೇಮವನ್ನು ಹೇಳಲೇಬೇಕು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಬಾಯಿಗೆ ಏನೂ ಹಾಕುವವಳಲ್ಲ. ಹಗಲಲ್ಲಿ ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾಳೆ. ಊರು ಬಿಟ್ಟರೆ ಸೋಸಿದ ನೀರಿನ ಬಾಟಲಿ ಜೊತೆಗೇ ಬರುತ್ತದೆ. ನಾನೂ ಅದೇ ಮನೆಯಲ್ಲಿ ಹುಟ್ಟಿದವನೇ. ಆದರೆ ಮಿರಜಿನಲ್ಲಿ ಮಿರ್ಚಿ ಭಜಿ ಮಾಡುವವನು ದೀಪ ಹಚ್ಚಿದ ಮೇಲೆಯೇ ಎಣ್ಣೆ ಕಾಯಿಸುತ್ತಾನೆ, ಅದಕ್ಕೆ ನಾನೇನು ಮಾಡಲಿ? ಶಿಕ್ಷಕರ ಮೀಟಿಂಗ್ ಐತಿ ಎಂದು ಹೇಳಿ ಹೋಗುತ್ತೇನೆ. ಅಂಗಿಯ ತುಂಬ ಎಣ್ಣೆಯ ವಾಸನೆ ಹೊತ್ತು ಬಂದರೆ ಅವ್ವ, ಮೀಟಿಂಗ್ ಚಲೋ ಆತೇನು ಎಂದಷ್ಟೇ ಕೇಳುತ್ತಾಳೆ.

ಪಾಲಬಾವಿಯಲ್ಲಿ ಮಧ್ಯಾಹ್ನದ ಊಟವಾಯಿತು. ಸಂಜೆಯದನ್ನು ಮನೆಯಲ್ಲೇ ಉಣ್ಣುತ್ತೇನೆಂದು ಅವ್ವ ಹಟ ಹಿಡಿದಿದ್ದರಿಂದ ಚಿಕ್ಕವ್ವ ಒಂದು ಡಬ್ಬಿ ಹೋಳಿಗೆ ಕಟ್ಟಿಕೊಟ್ಟಳು. ಬರುವಾಗ ಶಿರಗುಪ್ಪಿ ಇನ್ನೂ ದೂರವಿರುವಾಗಲೇ ಗಾಡಿ ಕೈಕೊಟ್ಟಿತು. ಇಂಜಿನ್ನು ಊರಿಗೇ ಕೇಳುವಂತೆ ಕೂಗುತ್ತದೆ, ಚಕ್ರ ಮಾತ್ರ ತಿರುಗಲೋ ಬೇಡವೋ ಎನ್ನುತ್ತದೆ. ಏನೋ ಸುಟ್ಟ ವಾಸನೆ ಬೇರೆ. ಕಬ್ಬು ಹೇರಿದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಅದನ್ನು ಹೊಡೆಯುತ್ತಿದ್ದವನು ಬಹಳ ಮರ್ಯಾದೆಯಿಂದ, ಹಗ್ಗ ಕಟ್ಟಲೇನ್ರಿ ಸರ, ಎಂದು ಕೇಳಿದ.

ನಿಲ್ಲಿಸಿದೆ. ಎರಡೂ ಕಡೆ ಕಬ್ಬು, ಒಂದು ಮನೆಯೂ ಕಾಣದು. ಅವ್ವ ಸೂರ್ಯನ ಕಡೆ ನೋಡಿ, "ಹೊತ್ತು ಮುಳುಗೂದ್ರಾಗ ಮುಟ್ಟತೀವಿಲ್ಲೋ?" ಎಂದಳು. ಮುಟ್ಟದೆ ಏನು ಎಂದು ನಾನು ಗಾಡಿಯನ್ನು ಪರೀಕ್ಷಿಸಿದೆ. ಇಂಜಿನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ರೋಗ ಕಾವಿನದು ಎಂದು ತೀರ್ಮಾನಿಸಿ, ಹ್ಯಾಂಡಲ್ಲಿಗೆ ತೂಗುಹಾಕಿದ್ದ ಬಾಟಲಿಯನ್ನು ತೆಗೆದು ಅದರ ಮೇಲೆ ಪೂರ್ತಿ ಸುರಿದೆ. ಚುಂಯ್ ಎಂದು ಹಬೆ ಎದ್ದಿತು. ಆಮೇಲೆ ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ. ಗಾಡಿ ಮೊದಲು ತೆವಳುತ್ತಿತ್ತು, ಈಗ ಅದೂ ಇಲ್ಲ.

ಬೆಳಕು ಇರುವಾಗಲೇ ಇಲ್ಲೇ ಎರಡು ಹೋಳಿಗೆ ತಿಂದುಬಿಡು ಎಂದು ಅವ್ವನಿಗೆ ಹೇಳಿದೆ. ಅವಳು ಡಬ್ಬಿ ತೆರೆದು, ಕೈ ತೊಳೆಯಲು ಬಾಟಲಿ ಹುಡುಕಿದಳು. ನಾನು ಗಾಡಿಯ ಕಡೆ ನೋಡಿದೆ. ಅವಳೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಡಬ್ಬಿ ಮುಚ್ಚಿ, "ಇರ್ಲಿ ಬಿಡಪಾ. ಸೋಸಿದ ನೀರು ಕುಡೀತು. ಇವತ್ತಿನಿಂದ ಗಾಡೀನೂ ಜೈನ ಆತು" ಎಂದಳು.

ಹಾಗೆಂದವಳು ಎದ್ದು ಬಂದು ಕ್ಲಚ್ಚಿನ ಹಿಡಿಯ ಮೇಲೆ ಎರಡು ಬೆರಳಿಟ್ಟಳು. "ನಿಮ್ಮಪ್ಪಾರು ಎಲ್ಲೆ ಗಾಡಿ ನಿಂದ್ರಿಸಿದ್ರೂ ಇದನ್ನ ಹಿಂಗ ಆಡಸ್ತಿದ್ರು. ಟಕ್ ಟಕ್ ಅಂತಿತ್ತು. ಆ ಸಪ್ಪಳ ಕೇಳಿದ ಕೂಡ್ಲೆ ನಾ ಒಳಗ ರೊಟ್ಟಿ ಬಡಿಯಾಕ ಕೂಡ್ತಿದ್ದೆ. ಈಗ ಯಾಕ ಸುಮ್ಮನಾಗೇತಿ?"

ನಾನೂ ಆಡಿಸಿ ನೋಡಿದೆ. ಸಪ್ಪಳವಿಲ್ಲ. ಆಡುವುದಕ್ಕೆ ನಾನು ಜಾಗವನ್ನೇ ಉಳಿಸಿರಲಿಲ್ಲ. ಬಿಗಿದ ಕೇಬಲ್ಲು ದಿನವಿಡೀ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿತ್ತು. ಇಂಜಿನ್ನಿನ ಜೋರು ಚಕ್ರಕ್ಕೆ ಮುಟ್ಟುವುದಾದರೂ ಹೇಗೆ? ಅಪ್ಪ ಆಟವಾಡುತ್ತಾರೆ ಎಂದು ನಾನು ತಿಳಿದಿದ್ದದ್ದು ಕೇಬಲ್ಲಿನಲ್ಲಿ ಸಡಿಲ ಉಳಿದಿದೆಯೇ ಎಂಬ ಅವರ ಪರೀಕ್ಷೆಯಾಗಿತ್ತು. ಹಿಡಿ ಟಕ್ ಟಕ್ ಎನ್ನುವವರೆಗೆ ನಟ್ಟನ್ನು ಹಿಂದಕ್ಕೆ ತಿರುವಿದೆ. ಆ ಸಪ್ಪಳ ಕೇಳಿ ಅವ್ವ ಕಬ್ಬಿನ ಕಡೆ ಮುಖ ತಿರುಗಿಸಿಕೊಂಡಳು.

ಆಮೇಲೆ ಗಾಡಿ ಚೆನ್ನಾಗಿಯೇ ಓಡಿತು. ಸೂರ್ಯ ಮಾತ್ರ ನಮಗಾಗಿ ಕಾಯಲಿಲ್ಲ. ನಾವು ಮನೆ ಮುಟ್ಟಿದಾಗ ಕತ್ತಲಾಗಿತ್ತು, ಸುನಂದಾ ತಾಟು ಮುಚ್ಚಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವ್ವ ಕಾಲು ತೊಳೆದು, ಏನೂ ಆಗದವಳಂತೆ ಜಪಕ್ಕೆ ಕೂತಳು. ಬೇರೆ ದಿನವಾಗಿದ್ದರೆ ನನಗೆ ಥಟ್ಟನೆ ಯಾವುದಾದರೂ ಮೀಟಿಂಗ್ ನೆನಪಾಗುತ್ತಿತ್ತು. ಅಂದು ಹಸಿದ ಅವ್ವನನ್ನು ದಾಟಿ ಹೋಗಲು ಕಾಲು ಬರಲಿಲ್ಲ. ನನಗೂ ಊಟ ಬೇಡ ಎಂದೆ. ಸುನಂದಾ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

"ಜರ ಅಲ್ಲವಾ ಸುನಂದಾ," ಒಳಗಿನಿಂದ ಅವ್ವನ ದನಿ ಬಂತು. "ನಾ ಹೇಳಿದ್ದು ಕೇಳಲಿಲ್ಲ, ಗಾಡಿ ಹೇಳಿದ್ದು ಕೇಳ್ಯಾನ."

ಮುಂದೆ ಕೆಲವು ದಿನ ನಾನು ಪಾನಾ ಮುಟ್ಟಲಿಲ್ಲ, ಮೀಟಿಂಗುಗಳೂ ಬರಲಿಲ್ಲ. ಆದರೆ ಮನುಷ್ಯನ ನಾಲಿಗೆ ಎಷ್ಟು ದಿನ ತಡೆದೀತು? ಒಂದು ಸಂಜೆ ಗಾಡಿ ಹೊರಗೆ ತೆಗೆದು, ಎರಡು ಬೆರಳಿನಿಂದ ಹಿಡಿ ಆಡಿಸಿದೆ. ಟಕ್ ಟಕ್ ಕೇಳಿ ಅವ್ವ ಹೊರಗೆ ಬಂದಳು. ಕೈಯಲ್ಲಿ ಸೋಸಿದ ನೀರಿನ ಬಾಟಲಿ. ಹ್ಯಾಂಡಲ್ಲಿಗೆ ತೂಗುಹಾಕಿದಳು. ಮೀಟಿಂಗಿನಲ್ಲಿ ನೀರು ಸಿಗುತ್ತದೆ, ನನಗೆ ಬೇಡ ಎಂದೆ.

"ನಿನಗಲ್ಲಪಾ, ಗಾಡೀಗೆ. ಅದಾದ್ರೂ ನೇಮ ಹಿಡದೈತಿ."

ಅಂದು ಮಿರಜಿನಲ್ಲಿ ಮೊದಲನೆಯ ಭಜಿಯೇ ಗಂಟಲಲ್ಲಿ ಸಿಕ್ಕಿಕೊಂಡಿತು. ಇಳಿಯಲೇ ಇಲ್ಲ ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಗೌರವ ಬರಬಹುದು. ಆದರೆ ಬಾಟಲಿ ಎದುರಿಗೇ ತೂಗುತ್ತಿತ್ತು. ಗಾಡಿಯ ಪಾಲಿನ ನೀರನ್ನು ಎರಡು ಗುಟುಕು ಕುಡಿದೆ, ಇಳಿಯಿತು.