ಚಪ್ಪಟೆ ಟೀವಿಯಲ್ಲಿ ಬೀಳದ ಬಾತುಕೋಳಿ

ಹಳೆಯ ಸಾಮಾನನ್ನು ಹೊಸದಕ್ಕೆ ಜೋಡಿಸಲು ಹೊರಟವರಿಗೆ ಇಂಥ ಆಘಾತಗಳು ತಪ್ಪುವುದಿಲ್ಲ. ನನಗೆ ಅದು ಶುರುವಾದದ್ದು ಒಂದು ಸಾದಾ ಸೋಮವಾರ. ಶಾಲೆಯಿಂದ ಕುಮಟೆಯ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ಒಳಗೆ ನಡೆಯುತ್ತಿದ್ದ ಹಳೆಯ ದಪ್ಪ ಟೀವಿ ಟಪ್ ಎಂದು ಆರಿತು. ಮತ್ತೆ ಹೊತ್ತಲಿಲ್ಲ.

ಅದಕ್ಕೆ ನನ್ನ ಹೆಂಡತಿಯ ವಿಡಿಯೋ ಗೇಮ್ ಜೋಡಿಸಿತ್ತು. ಹಾರುವ ಬಾತುಕೋಳಿಗೆ ಪ್ಲಾಸ್ಟಿಕ್ ಬಂದೂಕಿನಿಂದ ಹೊಡೆಯುವ ಆಟ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅವಳೂ ಅವಳ ತಾಯಿಯೂ ಪಾಳಿಯಲ್ಲಿ ಹೊಡೆಯುತ್ತಿದ್ದರು. ಕಳೆದ ವರ್ಷ ಹೆಂಡತಿ ತೀರಿಕೊಂಡಳು. ಅತ್ತೆ ನನ್ನ ಜೊತೆಗೇ ಉಳಿದರು. ಆಟವನ್ನೂ ಬಿಡಲಿಲ್ಲ.

ದಪ್ಪಗಾದ ಹಕ್ಕಿ

ಕೊಂಡುತಂದ ಹೊಸ ಚಪ್ಪಟೆ ಟೀವಿ ಆಟದ ಚೌಕದ ಚಿತ್ರವನ್ನು ಹಿಡಿದು ಎರಡೂ ಬದಿಗೆ ಎಳೆಯಿತು. ಅತ್ತೆ ಬೆಚ್ಚಿದರು.

“ಇದೆಂತ? ಬಾತುಕೋಳಿಯೋ, ಎಮ್ಮೆಕರುವೋ?”

ಹೊಡೆದರು. ಬೀಳಲಿಲ್ಲ. ಎದ್ದು ಹೋಗಿ ಪರದೆಗೆ ಬಂದೂಕಿನ ಮೂತಿ ಒತ್ತಿ ಹೊಡೆದರು. ಆಗಲೂ ಇಲ್ಲ. ಬಂದೂಕನ್ನು ಮಡಿಲಲ್ಲಿಟ್ಟುಕೊಂಡರು.

“ಆತು. ಮಗಳ ಒಟ್ಟಿಗೆ ನನ್ನ ಕೈಯೂ ಹೋತು.”

ನಾನು ವಿಜ್ಞಾನದ ಮಾಸ್ತರ. ಓದಿ ತಿಳಿದುಕೊಂಡು ವಿವರಿಸಿದೆ. ಬಂದೂಕಿನ ಮೂತಿಯಲ್ಲಿ ಬೆಳಕನ್ನು ಗುರುತಿಸುವ ಕಣ್ಣಿದೆ. ಹಳೆಯ ಟೀವಿ ಆ ಬೆಳಕನ್ನು ತಕ್ಷಣ ತೋರಿಸುತ್ತದೆ. ಹೊಸದು ಚಿತ್ರವನ್ನು ತಿದ್ದಿ ತೀಡಿ ತುಸು ತಡವಾಗಿ ತೋರಿಸುತ್ತದೆ. ತಪ್ಪು ನಿಮ್ಮ ಕೈಯದಲ್ಲ, ಟೀವಿಯದು.

ಅತ್ತೆ ಎಲ್ಲವನ್ನೂ ಕೇಳಿ ಹೇಳಿದರು: “ನಪಾಸಾದ ಹುಡುಗ್ರಿಗೂ ಹೀಂಗೇ ಸಮಾಧಾನ ಹೇಳ್ತ್ರಾ?”

ಮಾತಿನಿಂದ ನಂಬುವವರಲ್ಲ. ಎಲ್ಲಿಂದಲಾದರೂ ಒಂದು ದಪ್ಪ ಟೀವಿ ಹುಡುಕಿ ತೋರಿಸಬೇಕಿತ್ತು.

ಮರ್ಯಾದೆಯ ಪ್ರಶ್ನೆ

ಮೊದಲು ಭಟ್ಕಳಕ್ಕೆ ಹೋದೆ. ವಿದೇಶಿ ಸಾಮಾನಿನ ಅಂಗಡಿಯವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

“ದಪ್ಪ ಟೀವಿ ಯಾಕೆ ಮಾಸ್ಟರ್ ಸಾಬ್? ಇದರಲ್ಲಿ ಇರುವೆಯ ಮೀಸೆ ಸಹ ಕಾಣ್ತದೆ!”

ಗೋಡೆಯಷ್ಟಗಲದ ಟೀವಿಗೆ ನಾನು ಚೀಲದಲ್ಲಿ ತಂದಿದ್ದ ಗೇಮ್ ಜೋಡಿಸಿದರು. ಚಿತ್ರ ಮೂಡಿತು. ಮರವೆಲ್ಲ ಚೌಕ ಚೌಕ, ಹಕ್ಕಿಗೆ ಮೆಟ್ಟಿಲಿನಂಥ ಕೊಕ್ಕು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

“ಯಾ ಅಲ್ಲಾ! ಇದೇನು, ಇಟ್ಟಿಗೆಯಲ್ಲಿ ಕಟ್ಟಿದ್ದಾ?”

“ಹಳೆಯ ಟೀವಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು” ಎಂದೆ.

ಅವರು ಟೀವಿ ಆರಿಸಿ, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ಹಳೇ ಟೀವಿ ಮರ್ಯಾದಸ್ಥ ಸಾಬ್. ಕಂಡದ್ದನ್ನೆಲ್ಲ ಹೇಳ್ತಿರಲಿಲ್ಲ.”

ಒಳಗಿದ್ದವಳು

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು ಹೇಳಿದರು, ಮಾವಳ್ಳಿಯಲ್ಲಿ ತಮ್ಮ ಅಕ್ಕನ ಮನೆಯಲ್ಲಿ ದಪ್ಪ ಟೀವಿ ಇದೆ ಎಂದು. ಬಸ್ಸು ಹತ್ತಿ ಹೋದೆ. ಅಕ್ಕ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು.

“ಟೀವಿ ಇದೆ ಮಾಸ್ತ್ರೇ. ಈಗ ಕೊಡೂಕಾಗೂದಿಲ್ಲ. ಒಳಗೆ ಬಾಣಂತಿ ಇದ್ದಾಳೆ.”

ಬಾಣಂತಿಯ ಕೋಣೆಯಲ್ಲಿರುವ ಟೀವಿ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. “ಕ್ಷಮಿಸಿ, ಮಗು ಹುಷಾರಾಗಿದೆಯೇ?” ಎಂದೆ.

“ಒಂದಲ್ಲ, ಒಂಬತ್ತು. ಬನ್ನಿ ನೋಡಿ.”

ಒಂಬತ್ತು! ಹಿತ್ತಲಿಗೆ ಕರೆದುಕೊಂಡು ಹೋದರು. ಗಾಜು, ಯಂತ್ರ ಎಲ್ಲ ತೆಗೆದ ಟೀವಿ ಡಬ್ಬಿಯಲ್ಲಿ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಹೇಂಟೆಯೊಂದು ಕೂತಿತ್ತು.

“ಚಿತ್ರ ಬರೂದಿಲ್ಲ” ಎಂದರು ಅಕ್ಕ, “ಸೌಂಡ್ ಮಾತ್ರ ಚಲೋ ಇದೆ.”

ಹೊನ್ನಾವರದ ಕ್ಷೌರದಂಗಡಿ

ಕೊನೆಗೆ ನಡೆಯುವ ದಪ್ಪ ಟೀವಿ ಕಂಡದ್ದು ಹೊನ್ನಾವರದ ಒಂದು ಕ್ಷೌರದಂಗಡಿಯಲ್ಲಿ, ಕನ್ನಡಿಯ ಮೇಲಿನ ಹಲಗೆಯ ಮೇಲೆ.

ಅತ್ತೆಯ ಕತೆ ಹೇಳಿ ಟೀವಿ ಕೇಳಿದೆ. “ಕೊಡೂದಿಲ್ಲ” ಎಂದರು ಅಂಗಡಿಯವರು. “ಬೇಕಾದ್ರೆ ಅಮ್ಮನ್ನ ಇಲ್ಲೇ ಕರ್ಕೊಂಡು ಬನ್ನಿ.”

ಭಾನುವಾರ ಕರೆದುಕೊಂಡು ಹೋದೆ. ಅತ್ತೆ ಗಂಡಸರ ಕ್ಷೌರದಂಗಡಿಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡು ಬೆಂಚಿನ ತುದಿಯಲ್ಲಿ ಕೂತರು. ಮುಂದಿನ ಕುರ್ಚಿಯಲ್ಲಿ ಒಬ್ಬರು ಮುಖದ ತುಂಬ ಸೋಪು ಹಚ್ಚಿಸಿಕೊಂಡು ನಿದ್ದೆಹೋಗಿದ್ದರು. ನಾನು ತಂತಿ ಜೋಡಿಸಿದೆ. ಹಕ್ಕಿ ಹಾರಿತು. ಅತ್ತೆ ಎದ್ದು ನಿಂತು ಬಂದೂಕು ಎತ್ತಿದರು.

ಅದೇ ಹೊತ್ತಿಗೆ ಕುರ್ಚಿಯವರು ಕಣ್ಣು ಬಿಟ್ಟರು. ಕನ್ನಡಿಯಲ್ಲಿ, ತಮ್ಮ ಬೆನ್ನ ಹಿಂದೆ, ಬಂದೂಕು ಹಿಡಿದ ಮುದುಕಿ! ಎರಡೂ ಕೈ ಮೇಲೆತ್ತಿ ಎದ್ದುಬಿಟ್ಟರು. ಅಂಗಡಿಯವರು ಕತ್ತಿಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

“ಅಮ್ಮಾ! ನಾ ಎಂತ ಮಾಡ್ದೆ?”

“ಎಂತದೂ ಮಾಡ್ಲಿಲ್ಲ” ಎಂದರು ಅತ್ತೆ, ಗುರಿ ಕದಲಿಸದೆ. “ತಲೆ ಸ್ವಲ್ಪ ತಗ್ಸಿ. ಹಕ್ಕಿ ಕಾಣೂದಿಲ್ಲ.”

ಅವರು ಹೊದಿಸಿದ ಬಟ್ಟೆಯ ಸಮೇತ ನೆಲಕ್ಕೆ ಕುಸಿದರು. ಅವರನ್ನು ಎಬ್ಬಿಸಲು ನಾವೆಲ್ಲ ಬಗ್ಗಿದೆವು. ಮೇಲೆ ಬಂದೂಕಿನಿಂದ ಟಿಕ್ ಎಂದು ಒಮ್ಮೆ ಸದ್ದಾಯಿತು.

ತಲೆ ಎತ್ತಿ ನೋಡಿದಾಗ ಹಕ್ಕಿ ಬಿದ್ದಿತ್ತು.